ಮರದ ಮನೆ ಕೊಳ್ಳುವ ಮುನ್ನ ಗೆದ್ದಲಿನ ವರದಿ

ಸ್ಯಾನ್ ಹೋಸೆ ನಗರದ ಆ ಮನೆಯನ್ನು ನೋಡಲು ಹೋದದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ. ಅದು ನಾವು ನೋಡಿದ ಹನ್ನೊಂದನೆಯ ಮನೆ. ಪತ್ನಿ ಅಡುಗೆಮನೆಯ ಅಳತೆಯಲ್ಲಿಯೂ ನಾನು ಮಕ್ಕಳ ಶಾಲೆಯ ದೂರದ ಲೆಕ್ಕದಲ್ಲಿಯೂ ಮುಳುಗಿದ್ದೆವು. ಸಾಗರ ತಾಲ್ಲೂಕಿನ ನಮ್ಮ ಊರಿನಿಂದ ಬಂದು ತಿಂಗಳಷ್ಟೇ ಆಗಿದ್ದ ಅಪ್ಪಯ್ಯ ಮತ್ತು ಅಮ್ಮ ಹಿಂದಿನಿಂದ ನಿಧಾನವಾಗಿ ಬರುತ್ತಿದ್ದರು. ಮಲಗುವ ಕೋಣೆಯ ಕಿಟಕಿಯ ಬಳಿ ಅಮ್ಮ ನಿಂತುಬಿಟ್ಟರು.

‘ಮನೆಯನ್ನು ಇಷ್ಟು ಚೊಕ್ಕಟವಾಗಿ ಇಟ್ಟವರು ಇಲ್ಲೇಕೆ ಗಸಗಸೆ ಚೆಲ್ಲಿದ್ದಾರೆ?’

ಕಿಟಕಿಯ ಅಂಚಿನ ಮೂಲೆಯಲ್ಲಿ ಒಂದು ಚಿಟಿಕೆಯಷ್ಟು ಕಂದು ಬಣ್ಣದ ಕಾಳುಗಳು ಬಿದ್ದಿದ್ದವು. ಅಪ್ಪಯ್ಯ ಅವನ್ನು ಅಂಗೈಗೆ ತೆಗೆದುಕೊಂಡು ಬೆರಳಿನಿಂದ ತಿಕ್ಕಿ ನೋಡಿದರು. ‘ಇದು ಗಸಗಸೆಯಲ್ಲ, ಮರದಿಂದ ಉದುರಿದ್ದು. ಎಲ್ಲಿಯೋ ಕುಟ್ಟೆ ಹಿಡಿದಿದೆ’ ಎಂದರು. ಗೋಡೆಯ ಬುಡದಲ್ಲಿ ಮಣ್ಣಿನ ಗೆರೆಗಳಿವೆಯೇ ಎಂದು ಬಗ್ಗಿ ಹುಡುಕಿದರು. ಅವರಿಗೆ ಏನೂ ಕಾಣಲಿಲ್ಲ. ನಮ್ಮ ಏಜೆಂಟ್ ಮುಗುಳ್ನಕ್ಕು, ಮಾರಾಟಗಾರರು ಈಗಾಗಲೇ ಗೆದ್ದಲಿನ ತಪಾಸಣೆ ಮಾಡಿಸಿದ್ದಾರೆ, ವರದಿ ಚೆನ್ನಾಗಿಯೇ ಇದೆ, ಮಂಗಳವಾರ ಸಂಜೆಯೊಳಗೆ ನಮ್ಮ ಬೆಲೆಯನ್ನು ತಿಳಿಸಬೇಕು ಎಂದರು.

ಊರಿನಲ್ಲಿರುವ ಬಂಧುಗಳಿಗೆ ಇಲ್ಲಿಯ ಮನೆಗಳ ಒಳಗುಟ್ಟನ್ನು ಸ್ವಲ್ಪ ವಿವರಿಸಬೇಕು. ನಾವು ಕಳುಹಿಸುವ ಚಿತ್ರಗಳಲ್ಲಿ ಈ ಮನೆಗಳು ಸಿಮೆಂಟಿನ ಗೋಡೆಯ ಭದ್ರ ಬಂಗಲೆಗಳಂತೆ ಕಾಣುತ್ತವೆ. ವಾಸ್ತವವಾಗಿ ಅವು ಮರದ ಮನೆಗಳು. ಕಾಂಕ್ರೀಟಿನ ಅಡಿಪಾಯದ ಮೇಲೆ ಡಗ್ಲಾಸ್ ಫರ್‌ನಂತಹ ಮೃದು ಮರದ ಚೌಕಟ್ಟನ್ನು ನಿಲ್ಲಿಸಿ, ಹೊರಗೆ ಗಾರೆ ಬಳಿದು, ಒಳಗೆ ಜಿಪ್ಸಮ್ ಹಾಳೆಗಳನ್ನು ಹೊಡೆದಿರುತ್ತಾರೆ. ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ. ಮರ ಇಲ್ಲಿ ಹೇರಳವಾಗಿ ಸಿಗುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಅಡಿಪಾಯಕ್ಕೆ ಸರಿಯಾಗಿ ಬಿಗಿದ ಹಗುರ ಚೌಕಟ್ಟು ಭೂಕಂಪವನ್ನು ತಾಳಿಕೊಳ್ಳುವುದರಲ್ಲಿ ಇಟ್ಟಿಗೆಯ ಗೋಡೆಗಿಂತ ಮೇಲು. ಆದರೆ ಭೂಮಿ ನಡುಗಿದರೂ ನಿಲ್ಲುವ ಈ ಚೌಕಟ್ಟು ಗೆದ್ದಲಿಗೆ ಆಹಾರ. ನಮ್ಮ ಮಲೆನಾಡಿನಲ್ಲಿ ಗೆದ್ದಲು ಬಂದರೆ ಬಾಗಿಲ ಚೌಕಟ್ಟು, ಪಕಾಸು, ರೀಪುಗಳಿಗೆ ಭಯ. ಇಲ್ಲಿ ಗೋಡೆಯೇ ಮರ, ನೆಲವೂ ಮರ, ಮಾಡೂ ಮರ.

ಗೃಹವಿಮೆ ಇದೆಯಲ್ಲ ಎಂದು ಹೊಸಬರು ಭಾವಿಸುವುದುಂಟು. ಬೆಂಕಿ ಅಥವಾ ಒಡೆದ ಕೊಳವೆಯಂತಹ ಆಕಸ್ಮಿಕಗಳಿಗೆ ವಿಮೆ ಪರಿಹಾರ ಕೊಡುತ್ತದೆ. ಗೆದ್ದಲು ಹಿಡಿದರೆ ಸಾಮಾನ್ಯ ಗೃಹವಿಮೆಯಿಂದ ಏನೂ ಸಿಗುವುದಿಲ್ಲ. ಅದು ಮನೆಯೊಡೆಯನ ನಿರ್ವಹಣೆಗೆ ಸೇರಿದ ವಿಷಯವೆಂದು ಕಂಪನಿಗಳು ಪರಿಗಣಿಸುತ್ತವೆ. ಮುಂದಿನ ಮೂವತ್ತು ವರ್ಷಗಳ ಸಂಬಳವನ್ನು ಅಡವಿಟ್ಟು ಕೊಳ್ಳುವ ಆಸ್ತಿಗೆ ಈ ಒಂದು ಶತ್ರುವಿನಿಂದ ಯಾರೂ ರಕ್ಷಣೆ ಕೊಡುವುದಿಲ್ಲವಾದ್ದರಿಂದಲೇ ಇಲ್ಲಿ ‘ಟರ್ಮೈಟ್ ಇನ್‌ಸ್ಪೆಕ್ಷನ್’ ಎಂಬುದಕ್ಕೆ ಅಷ್ಟು ಮಹತ್ವ.

ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸದ ಮೇಲ್ವಿಚಾರಣೆಗೆ 1935ರಿಂದಲೂ ‘ಸ್ಟ್ರಕ್ಚರಲ್ ಪೆಸ್ಟ್ ಕಂಟ್ರೋಲ್ ಬೋರ್ಡ್’ ಎಂಬ ರಾಜ್ಯ ಮಂಡಳಿ ಇದೆ. ಪರವಾನಗಿ ಪಡೆದವರು ಮಾತ್ರ ತಪಾಸಣೆ ಮಾಡಬಹುದು. ವರದಿ ಮಂಡಳಿ ವಿಧಿಸಿದ ನಮೂನೆಯಲ್ಲಿಯೇ ಇರಬೇಕು. ಮನೆ ಮಾರುವಾಗ ತಪಾಸಣೆ ಮಾಡಿಸಲೇಬೇಕೆಂದು ರಾಜ್ಯದ ಕಾನೂನು ಹೇಳುವುದಿಲ್ಲ. ಸಾಲ ಕೊಡುವ ಸಂಸ್ಥೆ ಕೇಳಬಹುದು, ಕೊಳ್ಳುವವರು ಕೇಳಬಹುದು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಮಾರುವವರೇ ಮುಂಚಿತವಾಗಿ ವರದಿ ಮಾಡಿಸಿ, ಇತರ ಕಾಗದಗಳೊಂದಿಗೆ ಎಲ್ಲರಿಗೂ ಕಳುಹಿಸುವ ರೂಢಿ ಬೆಳೆದಿದೆ. ಗೆದ್ದಲಿನ ವರದಿ ಎಂದು ಕರೆದರೂ ಅದರಲ್ಲಿ ಮರ ಕೊರೆಯುವ ದುಂಬಿಗಳು ಮತ್ತು ಮರವನ್ನು ಕೊಳೆಯಿಸುವ ಶಿಲೀಂಧ್ರಗಳ ವಿಚಾರವೂ ಸೇರಿರುತ್ತದೆ.

ಇಲ್ಲಿಯ ವರದಿಗಳಲ್ಲಿ ಸಾಮಾನ್ಯವಾಗಿ ಎರಡು ವಿಭಾಗಗಳಿರುತ್ತವೆ. ಗೆದ್ದಲು ಅಥವಾ ಕೊಳೆತ ಕಣ್ಣಿಗೆ ಕಂಡಿದ್ದರೆ ಅದು ಸೆಕ್ಷನ್ 1. ಈಗ ಏನೂ ಇಲ್ಲ, ಆದರೆ ಮುಂದೆ ಬರಲು ಅನುಕೂಲವಾದ ಪರಿಸ್ಥಿತಿ ಇದೆ ಎಂದಾದರೆ ಅದು ಸೆಕ್ಷನ್ 2. ಸೋರುವ ನಲ್ಲಿ, ಗೋಡೆಗೆ ತಾಗಿದ ತೋಟದ ಮಣ್ಣು ಇಂಥವು ಎರಡನೆಯದಕ್ಕೆ ಸೇರುತ್ತವೆ. ಇವೆರಡರ ಜೊತೆಗೆ ಮೂರನೆಯ ಒಂದು ಬಾಬತ್ತು ಇದೆ. ತಪಾಸಣೆಗಾರನಿಗೆ ತಲುಪಲಾಗದ ಜಾಗಗಳನ್ನು ‘ಹೆಚ್ಚಿನ ತಪಾಸಣೆ ಅಗತ್ಯ’ ಎಂದು ಬರೆದಿರುತ್ತಾರೆ. ಅದಕ್ಕೆ ಡಾಲರಿನ ಅಂಕಿ ಇರುವುದಿಲ್ಲವಾದ್ದರಿಂದ ಓದುಗರ ಕಣ್ಣು ಅಲ್ಲಿ ನಿಲ್ಲುವುದಿಲ್ಲ.

ನಮ್ಮ ಕಣ್ಣೂ ನಿಂತಿರಲಿಲ್ಲ. ಆ ಮನೆಯ ವರದಿಯಲ್ಲಿ ಸೆಕ್ಷನ್ 1ರ ದುರಸ್ತಿಗೆ 2,150 ಡಾಲರ್ ಎಂದಿತ್ತು. ಅಷ್ಟು ದೊಡ್ಡ ವ್ಯವಹಾರದಲ್ಲಿ ಇದು ಯಾವ ಲೆಕ್ಕ ಎಂದುಕೊಂಡು ಕಡತವನ್ನು ಮುಚ್ಚಿದ್ದೆವು. ಆ ರಾತ್ರಿ ಅಪ್ಪಯ್ಯ, ‘ಅಟ್ಟದ ಬಗ್ಗೆ ಏನು ಬರೆದಿದ್ದಾರೆ, ಓದು’ ಎಂದರು. ನಾಲ್ಕನೆಯ ಪುಟದ ಕೊನೆಯಲ್ಲಿ ಒಂದೇ ಸಾಲು ಇತ್ತು: ಸಾಮಾನುಗಳನ್ನು ಪೇರಿಸಿಟ್ಟಿರುವುದರಿಂದ ಅಟ್ಟದ ಬಹುಭಾಗವನ್ನು ಪರಿಶೀಲಿಸಲಾಗಿಲ್ಲ. ಗ್ಯಾರೇಜಿನ ಒಂದು ಗೋಡೆಯ ಬಗೆಗೂ ಅದೇ ಮಾತು.

‘ಹಾಗಾದರೆ ಅವನು ನೋಡಿದ್ದೆಲ್ಲ ಸರಿ ಇದೆ. ನೋಡದಿರುವುದು ಹೇಗಿದೆ ಎಂದು ನೋಡಿದವರು ಯಾರು?’ ಎಂದು ಅಪ್ಪಯ್ಯ ಕೇಳಿದರು.

ವರದಿ ಬರೆದವರು ಸುಳ್ಳು ಹೇಳಿರಲಿಲ್ಲ. ತಾವು ಎಲ್ಲಿಗೆ ಹೋಗಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿಯೇ ಬರೆದಿದ್ದರು. ನಾವು ಅದನ್ನು ಮನೆ ಗಟ್ಟಿಯಾಗಿದೆ ಎಂಬ ಪ್ರಮಾಣಪತ್ರದಂತೆ ಓದಿದ್ದೆವು.

ಆದರೆ ಮಂಗಳವಾರದ ಗಡುವು ತಲೆಯ ಮೇಲಿತ್ತು. ಇಲ್ಲಿಯ ಸಾಮಾನ್ಯ ಖರೀದಿ ಕರಾರಿನಲ್ಲಿ, ಬೇರೆ ಅವಧಿ ನಮೂದಿಸದಿದ್ದರೆ, ತಪಾಸಣೆಗೆ 17 ದಿನಗಳ ಅವಕಾಶವಿರುತ್ತದೆ. ಅಷ್ಟರೊಳಗೆ ದೋಷ ಕಂಡರೆ ಮುಂಗಡ ಕಳೆದುಕೊಳ್ಳದೆ ಹಿಂದೆ ಸರಿಯಬಹುದು. ಒಂದು ಮನೆಗೆ ಹತ್ತು ಜನ ಬೇಡಿಕೆಯಿಡುವ ಊರಿನಲ್ಲಿ, ಗೆಲ್ಲಬೇಕೆಂಬ ಆತುರದಿಂದ ಕೊಳ್ಳುವವರು ಈ ಹಕ್ಕನ್ನೇ ಬಿಟ್ಟುಕೊಡುತ್ತಾರೆ. ನಮ್ಮ ಏಜೆಂಟರ ಸಲಹೆಯೂ ಅದೇ ಆಗಿತ್ತು. ಆ ರಾತ್ರಿ ಪತ್ನಿಗೂ ನನಗೂ ವಾದವಾಯಿತು. ಎರಡು ವರ್ಷದಿಂದ ಹುಡುಕುತ್ತಿದ್ದೇವೆ, ಪ್ರತಿ ಮನೆಯಲ್ಲಿಯೂ ಕೊರತೆ ಹುಡುಕಿದರೆ ಮಕ್ಕಳು ಕಾಲೇಜಿಗೆ ಹೋಗುವವರೆಗೂ ಬಾಡಿಗೆ ಮನೆಯೇ ಗತಿ ಎಂಬುದು ಅವಳ ಮಾತು. ಅದರಲ್ಲಿ ಸತ್ಯವೂ ಇತ್ತು. ಕೊನೆಗೆ ನಡುವಿನ ದಾರಿಯೊಂದನ್ನು ಹಿಡಿದೆವು. ಬೆಲೆ ತಿಳಿಸುವ ಮೊದಲೇ ನಮ್ಮ ಖರ್ಚಿನಲ್ಲಿ ಇನ್ನೊಂದು ತಪಾಸಣೆ ಮಾಡಿಸಲು ಅನುಮತಿ ಕೇಳಿದೆವು. ಮಾರುವವರು ಒಪ್ಪಿದರು. ಅಟ್ಟದ ಸಾಮಾನುಗಳನ್ನು ಒಂದು ಬದಿಗೆ ಸರಿಸುವುದಕ್ಕೂ ಒಪ್ಪಿದರು. ಶುಲ್ಕ 350 ಡಾಲರ್.

ಸೋಮವಾರ ಬೆಳಿಗ್ಗೆ ಬಂದ ತಪಾಸಣೆಗಾರ ಐವತ್ತು ದಾಟಿದ ಮನುಷ್ಯ. ಮೈತುಂಬ ಮುಚ್ಚುವ ಉಡುಪು, ಮೊಣಕಾಲಿಗೆ ಗಾದಿ, ಹಣೆಗೆ ದೀಪ. ಕೈಯಲ್ಲಿದ್ದ ಮುಖ್ಯ ಸಾಧನ ಒಂದು ಸ್ಕ್ರೂಡ್ರೈವರ್. ಅದರ ಹಿಡಿಯಿಂದ ಮರವನ್ನು ತಟ್ಟುವುದು, ಸದ್ದು ಟೊಳ್ಳಾದಲ್ಲಿ ಮೊನೆಯಿಂದ ಚುಚ್ಚಿ ನೋಡುವುದು. ಮರದ ತೇವವನ್ನು ಅಳೆಯುವ ಪುಟ್ಟ ಯಂತ್ರವೂ ಇತ್ತು. ತಟ್ಟುವ ಸದ್ದು ಕೇಳಿ ಅಪ್ಪಯ್ಯನ ಮುಖ ಅರಳಿತು. ನಮ್ಮೂರಿನ ಬಡಗಿ ಕಂಬವನ್ನು ಪರೀಕ್ಷಿಸುವ ಕ್ರಮವೂ ಅದೇ.

ಮೊದಲು ಅವರು ಇಳಿದದ್ದು ಮನೆಯ ಕೆಳಗೆ. ಈ ಭಾಗದಲ್ಲಿ ಐವತ್ತು, ಅರವತ್ತರ ದಶಕಗಳಲ್ಲಿ ಕಟ್ಟಿದ ಅನೇಕ ಮನೆಗಳ ನೆಲ ಭೂಮಿಗೆ ತಾಗಿರುವುದಿಲ್ಲ. ನೆಲದ ಹಲಗೆಗೂ ಮಣ್ಣಿಗೂ ನಡುವೆ ತೆವಳಿಕೊಂಡು ಹೋಗುವಷ್ಟು ಜಾಗವಿರುತ್ತದೆ. ಅದನ್ನು ಕ್ರಾಲ್ ಸ್ಪೇಸ್ ಎನ್ನುತ್ತಾರೆ. ಅರ್ಧ ಗಂಟೆಯ ನಂತರ ಅವರು ಮೇಲೆ ಬಂದು ಚಿತ್ರಗಳನ್ನು ತೋರಿಸಿದರು. ಅಡಿಪಾಯದ ಒಳಮೈಯಲ್ಲಿ ಪೆನ್ಸಿಲಿನ ದಪ್ಪದ ಮಣ್ಣಿನ ಕೊಳವೆಗಳು ನೆಲದಿಂದ ತೊಲೆಯವರೆಗೆ ಹತ್ತಿದ್ದವು. ಒಂದನ್ನು ಒಡೆದಾಗ ಒಳಗೆ ಬಿಳಿಯ ಹುಳುಗಳು ಹರಿದಾಡುತ್ತಿದ್ದವು. ‘ಇದು ನಮ್ಮದೇ!’ ಎಂದು ಅಪ್ಪಯ್ಯ ಉದ್ಗರಿಸಿದರು. ಬಚ್ಚಲಮನೆಯ ಕೆಳಗೆ ಸೋರಿಕೆಯಿಂದ ಎರಡು ತೊಲೆಗಳು ಕೊಳೆತಿದ್ದವು. ಇಂತಹ ಕೊಳೆತಕ್ಕೆ ಇಲ್ಲಿ ‘ಡ್ರೈ ರಾಟ್’ ಎನ್ನುತ್ತಾರೆ. ಹೆಸರಿನಲ್ಲಿ ಒಣ ಎಂದಿದ್ದರೂ ಅದಕ್ಕೆ ಕಾರಣ ತೇವವೇ.

ಅನಂತರ ಅಟ್ಟ. ಅಲ್ಲಿಂದ ಅವರು ಕಾಗದದ ಪೊಟ್ಟಣದಲ್ಲಿ ತಂದದ್ದು ಅಮ್ಮ ಕಂಡ ಗಸಗಸೆಯನ್ನೇ, ಹಿಡಿತುಂಬ. ಭೂತಗನ್ನಡಿಯಲ್ಲಿ ತೋರಿಸಿದರು. ಪ್ರತಿಯೊಂದು ಕಾಳಿಗೂ ಆರು ಮುಖಗಳು. ಮರ ಕೊರೆಯುವ ದುಂಬಿಗಳ ಕುಟ್ಟೆ ಹಿಟ್ಟಿನಂತಿರುತ್ತದೆ, ಇಂತಹ ಆರು ಮುಖದ ಕಾಳು ಒಣಮರದ ಗೆದ್ದಲಿನ ಹಿಕ್ಕೆ ಎಂದು ವಿವರಿಸಿದರು. ಮಣ್ಣಿನ ಗೆರೆಯಿಲ್ಲದೆ ಗೆದ್ದಲೇ ಎಂದು ಅಪ್ಪಯ್ಯನಿಗೆ ಆಶ್ಚರ್ಯ. ಇದಕ್ಕೆ ಭೂಮಿಯ ಸಂಪರ್ಕವೇ ಬೇಕಿಲ್ಲ. ರೆಕ್ಕೆ ಬಂದ ಜೋಡಿಯೊಂದು ಹಾರಿ ಬಂದು ಮಾಡಿನ ಸಂದಿನಲ್ಲಿ ಸೇರಿಕೊಂಡರೆ ಸಾಕು, ಇಡೀ ಸಂಸಾರ ಮರದೊಳಗೇ ಬೆಳೆಯುತ್ತದೆ. ತಮಗೆ ಬೇಕಾದ ಅಲ್ಪ ತೇವವನ್ನು ಮರದಿಂದಲೇ ಪಡೆದುಕೊಳ್ಳುತ್ತವೆ. ಸೂಜಿಯ ಕಣ್ಣಿನಷ್ಟು ತೂತು ಮಾಡಿ ಹಿಕ್ಕೆಯನ್ನು ಹೊರಗೆ ತಳ್ಳುತ್ತವೆ. ಮನೆಯವರಿಗೆ ದೊರೆಯುವ ಸುಳಿವು ಬಹುಪಾಲು ಅಷ್ಟೇ.

ಎರಡು ಬಗೆಯ ಗೆದ್ದಲಿಗೆ ಎರಡು ಬಗೆಯ ಚಿಕಿತ್ಸೆ. ನೆಲದ ಗೆದ್ದಲಿನ ಗೂಡು ಮಣ್ಣಿನಲ್ಲಿರುತ್ತದೆ. ಆದ್ದರಿಂದ ಅಡಿಪಾಯದ ಸುತ್ತ ಕಿರುಗಾಲುವೆ ತೋಡಿ ಫಿಪ್ರೋನಿಲ್‌ನಂತಹ ಔಷಧ ಸುರಿಯುತ್ತಾರೆ, ಇಲ್ಲವೇ ವಿಷದ ಆಮಿಷವನ್ನು ನೆಲದಲ್ಲಿ ಹುಗಿಯುತ್ತಾರೆ. ಒಣಮರದ ಗೆದ್ದಲು ಹಲವು ಕಡೆ ಹರಡಿದ್ದರೆ ಇಡೀ ಮನೆಗೆ ಡೇರೆ ಹೊದಿಸಿ ಸಲ್ಫ್ಯೂರಿಲ್ ಫ್ಲೋರೈಡ್ ಅನಿಲವನ್ನು ತುಂಬುತ್ತಾರೆ. ಕ್ಯಾಲಿಫೋರ್ನಿಯಾದ ಬೀದಿಗಳಲ್ಲಿ ಪಟ್ಟೆಪಟ್ಟೆಯ ಬಣ್ಣದ ಡೇರೆಯೊಳಗೆ ಮನೆಯೊಂದು ಅಡಗಿರುವುದನ್ನು ಕಂಡು, ಸರ್ಕಸ್ ಬಂದಿದೆಯೇ ಎಂದು ಕೇಳಿದ ತಂದೆತಾಯಿಗಳು ಬಹಳ ಮಂದಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪ್ರಾಣಕ್ಕೆ ಅಪಾಯಕಾರಿ. ಅದಕ್ಕಾಗಿ ಕಣ್ಣು ಉರಿಸುವ ಇನ್ನೊಂದು ಅನಿಲವನ್ನು ಮೊದಲೇ ಬಿಡುತ್ತಾರೆ, ಒಳಗೆ ಯಾರಾದರೂ ಉಳಿದಿದ್ದರೆ ಹೊರಗೆ ಓಡಿಬರಲಿ ಎಂದು. ಎರಡು ಮೂರು ದಿನ ಮನೆ ಬಿಟ್ಟಿರಬೇಕು. ಒಳಗಿನ ಗಾಳಿಯಲ್ಲಿ ಅನಿಲದ ಪ್ರಮಾಣ ಹತ್ತು ಲಕ್ಷಕ್ಕೆ ಒಂದು ಪಾಲಿಗೆ ಇಳಿದಿದೆ ಎಂದು ಪರವಾನಗಿ ಉಳ್ಳವರು ಅಳೆದು ದೃಢಪಡಿಸಿದ ಮೇಲೆಯೇ ಒಳಗೆ ಪ್ರವೇಶ. ಈ ಅನಿಲ ಮನೆಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಮುಂದೆ ಹೊಸ ಗೆದ್ದಲು ಬರುವುದನ್ನು ತಡೆಯುವುದೂ ಇಲ್ಲ. ಮಣ್ಣಿನಲ್ಲಿರುವ ಗೂಡಿಗೂ ಅದು ಪರಿಹಾರವಲ್ಲ. ಒಂದೆರಡು ಮರಗಳಿಗಷ್ಟೇ ತಗಲಿದ್ದರೆ ಅಲ್ಲಿಗೆ ಮಾತ್ರ ಔಷಧ ಚುಚ್ಚಬಹುದು. ಬಿಸಿಗಾಳಿ ತುಂಬಿ, ಮರದ ತಿರುಳಿನ ಉಷ್ಣತೆಯನ್ನು 49 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಅರ್ಧ ಗಂಟೆಗೂ ಹೆಚ್ಚು ಕಾಲ ಹಾಗೆಯೇ ಇರಿಸುವ ವಿಧಾನವೂ ಉಂಟು.

ಸಂಜೆಗೆ ಬಂದ ವರದಿಯಲ್ಲಿ ಮನೆಯ ನಕ್ಷೆಯಿತ್ತು. ದೋಷ ಕಂಡ ಪ್ರತಿ ಜಾಗಕ್ಕೂ ಗುರುತು ಹಾಕಿದ್ದರು. ಸೆಕ್ಷನ್ 1ರ ಒಟ್ಟು ಅಂದಾಜು 21,800 ಡಾಲರ್. ಒಂದೇ ಮನೆಗೆ ಎರಡು ವರದಿ, ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು. ಆ ಅಂತರ ಹುಟ್ಟಿದ್ದು ಮೊದಲಿನವರು ಹೋಗದೆ ಉಳಿದ ಅಟ್ಟದಲ್ಲಿ ಮತ್ತು ಅವರು ಬಂದು ಹೋದ ಮೇಲೆ ಕಳೆದ ಮಳೆಗಾಲದಲ್ಲಿ.

ನಾವು ಆ ಮೊತ್ತವನ್ನು ಕಳೆದು ಬೆಲೆ ತಿಳಿಸಿದೆವು. ಮನೆ ನಮಗೆ ದೊರೆಯಲಿಲ್ಲ. ಯಾವ ಷರತ್ತೂ ಇಲ್ಲದೆ ಹೆಚ್ಚು ಬೆಲೆ ಹೇಳಿದವರಿಗೆ ಹೋಯಿತು. ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಊಟದ ನಡುವೆ ಅಪ್ಪಯ್ಯ, ‘ಕೊಂಡವರಿಗೆ ಈ ವಿಷಯ ತಿಳಿದಿದೆಯೇ?’ ಎಂದು ಕೇಳಿದರು. ನಮ್ಮ ವರದಿಯ ಪ್ರತಿಯನ್ನು ಮಾರುವವರ ಏಜೆಂಟರಿಗೆ ಕೊಟ್ಟಿದ್ದೆವು. ತಮಗೆ ತಿಳಿದ ಮುಖ್ಯ ದೋಷಗಳನ್ನು ಮಾರುವವರು ಮುಚ್ಚಿಡುವಂತಿಲ್ಲ ಎಂಬುದು ಇಲ್ಲಿಯ ಕಾನೂನು. ಅಷ್ಟು ಹೇಳಿದ ಮೇಲೆ ಅವರು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು.

ಆಗಸ್ಟ್ ತಿಂಗಳಲ್ಲಿ ಬೇರೊಂದು ಮನೆ ಸಿಕ್ಕಿತು. ಅದರಲ್ಲಿಯೂ ಒಣಮರದ ಗೆದ್ದಲು ಇತ್ತು. ಹಳೆಯ ಮನೆಗಳಲ್ಲಿ ಏನೂ ಇಲ್ಲದ ವರದಿ ಅಪರೂಪ. ಆದರೆ ಎಲ್ಲಿ, ಎಷ್ಟು ಎಂಬುದು ಮೊದಲೇ ತಿಳಿದಿತ್ತು. ಡೇರೆಯ ಖರ್ಚನ್ನು ಮಾರುವವರು ಬೆಲೆಯಲ್ಲಿ ಬಿಟ್ಟುಕೊಟ್ಟರು. ಸಾಮಾನು ಸಾಗಿಸುವ ಮೊದಲೇ ಅನಿಲ ಹಾಯಿಸಿ ಮುಗಿಸಿದೆವು. ಈ ಕ್ರಮವನ್ನು ಎಲ್ಲರಿಗೂ ಹೇಳಬಯಸುತ್ತೇನೆ. ವಾಸವಿರುವ ಮನೆಯಾದರೆ ಅಕ್ಕಿ, ಬೇಳೆ, ಸಾರಿನ ಪುಡಿ, ಔಷಧಗಳಾದಿಯಾಗಿ ಕಾರ್ಖಾನೆಯಲ್ಲಿ ಗಾಳಿಯಾಡದಂತೆ ಮುಚ್ಚಿದ ಗಾಜು ಅಥವಾ ಲೋಹದ ಡಬ್ಬಿಯಲ್ಲಿ ಇಲ್ಲದ ಪ್ರತಿಯೊಂದನ್ನೂ ವಿಶೇಷ ನೈಲಾನ್ ಚೀಲಗಳಲ್ಲಿ ಎರಡು ಪದರ ಕಟ್ಟಬೇಕು, ಇಲ್ಲವೇ ಹೊರಗೆ ಸಾಗಿಸಬೇಕು. ಗಿಡದ ಕುಂಡಗಳೂ ಸಾಕುಪ್ರಾಣಿಗಳೂ ಹೊರಗೆ ಹೋಗಬೇಕು.

ಇಲ್ಲಿ ಮನೆ ಕೊಳ್ಳಲಿರುವವರಿಗೂ, ಮುಂದೆ ಇಲ್ಲಿಗೆ ಬರಲಿರುವವರಿಗೂ ಅನುಭವದಿಂದ ಕೆಲವು ಮಾತುಗಳು. ವರದಿಯನ್ನು ಒಟ್ಟು ಮೊತ್ತದಿಂದ ಓದಲು ಆರಂಭಿಸಬೇಡಿ. ತಪಾಸಣೆಯ ದಿನಾಂಕವನ್ನೂ, ನೋಡಲಾಗದ ಜಾಗಗಳ ಪಟ್ಟಿಯನ್ನೂ ಮೊದಲು ನೋಡಿ. ಆ ಜಾಗಗಳನ್ನು ತೆರವುಗೊಳಿಸಿ ಮತ್ತೊಮ್ಮೆ ನೋಡಲು ಕೇಳಿ. ಆ ವಿಳಾಸದಲ್ಲಿ ಹಿಂದಿನ ಎರಡು ವರ್ಷಗಳಲ್ಲಿ ನಡೆದ ತಪಾಸಣೆಗಳ ವಿವರ ಮಂಡಳಿಯಲ್ಲಿ ದಾಖಲಾಗಿರುತ್ತದೆ. ಆ ವರದಿಗಳ ಪ್ರತಿಗಳನ್ನು ಪಡೆಯುವ ಹಕ್ಕು ಸಾರ್ವಜನಿಕರಿಗಿದೆ. ತಪಾಸಣೆ ಮಾಡುವ ಕಂಪನಿಯೇ ಚಿಕಿತ್ಸೆಯನ್ನೂ ಮಾರುವುದು ಸಾಮಾನ್ಯವಾದ್ದರಿಂದ, ದೊಡ್ಡ ಮೊತ್ತವಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ಒಳಿತು. ಕೆಲಸ ಮುಗಿದ ಮೇಲೆ ಅದಕ್ಕೆ ಸಂಬಂಧಿಸಿದ ಪೂರ್ಣತಾ ಪತ್ರವನ್ನು ಕೇಳಿ ಇಟ್ಟುಕೊಳ್ಳಿ. ಮುಂದೆ ನೀವು ಮಾರುವಾಗ ಅದು ಬೇಕಾಗುತ್ತದೆ. ಮನೆ ಸೇರಿದ ನಂತರ ಗೋಡೆಗೆ ಒರಗಿಸಿ ಸೌದೆ ಪೇರಿಸಬೇಡಿ, ತೋಟದ ಮಣ್ಣು ಮರಕ್ಕೆ ತಾಗದಿರಲಿ, ಸೋರುವ ನಲ್ಲಿಯನ್ನು ನಾಳೆಗೆ ಬಿಡಬೇಡಿ. ವರ್ಷಕ್ಕೊಮ್ಮೆ ಯಾರಾದರೂ ಅಟ್ಟವನ್ನೂ ಮನೆಯ ಕೆಳಭಾಗವನ್ನೂ ದೀಪ ಹಿಡಿದು ನೋಡಲಿ.

ಅಪ್ಪಯ್ಯ, ಅಮ್ಮ ಸೆಪ್ಟೆಂಬರ್ ಮೊದಲ ವಾರ ಊರಿಗೆ ಮರಳಿದರು. ಅವರು ಇಲ್ಲಿದ್ದ ಆರು ತಿಂಗಳಲ್ಲಿ ಒಂದು ಇಡೀ ಮಳೆಗಾಲ ನಮ್ಮ ಮನೆ ಬಾಗಿಲು ಮುಚ್ಚಿಕೊಂಡಿತ್ತು. ಪಕ್ಕದ ಮನೆಯವರು ದಿನಕ್ಕೊಮ್ಮೆ ಬಂದು ದೇವರ ಮುಂದೆ ದೀಪ ಹಚ್ಚಿ ಹೋಗುತ್ತಿದ್ದರು. ಅಟ್ಟಕ್ಕೆ ಹತ್ತುವ ಕೆಲಸ ಅವರದಲ್ಲ. ಊರು ತಲುಪಿದ ನಾಲ್ಕನೆಯ ದಿನ ಅಪ್ಪಯ್ಯ ಕರೆ ಮಾಡಿದರು.

‘ಇವತ್ತು ಏಣಿ ಇಟ್ಟು ಹತ್ತಿದೆ. ಮಣ್ಣು ಕಟ್ಟಿದೆ. ನಿನ್ನ ಹೈಸ್ಕೂಲು ಪುಸ್ತಕದ ಪೆಟ್ಟಿಗೆಯಲ್ಲಿ ರಟ್ಟು ಮಾತ್ರ ಉಳಿದಿದೆ.’

‘ಪುಸ್ತಕ ಹೋಗಲಿ ಅಪ್ಪಯ್ಯ, ತೊಲೆಗೆ ಬಂದಿದೆಯೇ?’

‘ತಟ್ಟಿ ನೋಡಿದೆ, ಚುಚ್ಚಿಯೂ ನೋಡಿದೆ. ತೊಲೆ ಗಟ್ಟಿ ಇದೆ. ಎರಡು ಪಕಾಸು ಬದಲಿಸಬೇಕು. ಮಳೆಗಾಲದ್ದು ಮಾತ್ರ ಅಲ್ಲ ಇದು, ಹಳೆಯದೂ ಉಂಟು. ನಾನೇ ಹತ್ತಿ ಎಷ್ಟು ವರ್ಷವಾಯಿತೋ.’

ಎಪ್ಪತ್ತೊಂದರ ವಯಸ್ಸಿನಲ್ಲಿ ಒಬ್ಬರೇ ಏಣಿ ಹತ್ತಿದ್ದಕ್ಕೆ ನಾನು ಆಕ್ಷೇಪಿಸಿದೆ. ನೀನು ಇಲ್ಲದ ಮೇಲೆ ಇನ್ನು ಯಾರು ಹತ್ತಬೇಕು ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಬಡಗಿ ಸೋಮವಾರ ಬರುತ್ತಾನೆ, ಹೊಸ ಪಕಾಸಿಗೆ ಗೇರುಎಣ್ಣೆ ಹಚ್ಚಿಸುತ್ತೇನೆ ಎಂದರು. ಫೋನ್ ಇಡುವ ಮುನ್ನ, ‘ಡಿಸೆಂಬರಿನಲ್ಲಿ ಬರುತ್ತೀಯಲ್ಲ, ಅಡುಗೆಮನೆಯ ಮೇಲಿನ ಮೂಲೆಗೆ ನನ್ನ ಕೈ ಹೋಗಲಿಲ್ಲ. ಅದೊಂದನ್ನು ನೀನು ನೋಡು’ ಎಂದರು.

ಟಿಕೆಟ್ ಕಾಯ್ದಿರಿಸಿದ್ದೇನೆ. ಹಣೆಗೆ ಕಟ್ಟುವ ದೀಪವೊಂದನ್ನೂ ಕೊಂಡಿದ್ದೇನೆ.